ನಕ್ಷತ್ರದಲ್ಲಿ ಕಪ್ಪು ಕಲೆ ಇದ್ದರೆ ಗ್ರಹದ ವಾತಾವರಣದ ಲೆಕ್ಕ ಯಾಕೆ ತಪ್ಪುತ್ತದೆ?

ಶಿರಸಿ_ಹುಡುಗಿ:
ಕಾಲೇಜಿನಲ್ಲಿ ನನ್ನ ಸೆಮಿನಾರ್ ಇದೆ. ಗ್ರಹ ತನ್ನ ನಕ್ಷತ್ರದ ಮುಂದೆ ಹಾದುಹೋಗುವಾಗ ಅದರ ವಾತಾವರಣದ ಅಂಚಿನಲ್ಲಿ ತೂರಿ ಬರುವ ಬೆಳಕು ನೋಡಿ ಅಲ್ಲಿ ಏನೇನಿದೆ ಅಂತ ಹೇಳುತ್ತಾರೆ, ಅಷ್ಟು ಗೊತ್ತಾಯಿತು. ಆದರೆ ಜಿಜೆ 486 ಬಿ ಗ್ರಹದಲ್ಲಿ ಕಂಡ ನೀರಿನ ಆವಿ ನಕ್ಷತ್ರದ್ದೇ ಇರಬಹುದು ಅಂತ ಓದಿದೆ. ನಕ್ಷತ್ರದಲ್ಲಿ ನೀರಾ? ಗ್ರಹ ಕಲೆಯ ಮೇಲೆ ಹೋಗದೇ ಇದ್ದರೆ ಕಲೆಯಿಂದ ಏನು ತೊಂದರೆ? ಮಳೆಗೆ ಇಲ್ಲಿ ನೆಟ್‌ವರ್ಕ್ ಸರಿ ಇಲ್ಲ, ವಿಡಿಯೋ ಲಿಂಕ್ ಬೇಡ, ದಯವಿಟ್ಟು ಬರೆದೇ ಹೇಳಿ.

ಕಾಳಿ_ದಂಡೆ:
ಗ್ರಹ ಕಲೆಯ ಮೇಲೆ ಹೋಗದಿದ್ದಾಗಲೇ ತೊಂದರೆ ಜಾಸ್ತಿ. ನಕ್ಷತ್ರದ ಮುಖ 100 ಚೌಕ, ಒಂದೊಂದರಿಂದ 1 ಪಾಲು ಬೆಳಕು ಅಂತ ಇಟ್ಟುಕೊಳ್ಳಿ. ಗ್ರಹ ಒಂದು ಚೌಕ ಮುಚ್ಚಿದರೆ ಬೆಳಕು ಶೇ. 1 ಇಳಿಯುತ್ತದೆ. ಈಗ 20 ಚೌಕದಲ್ಲಿ ಕಲೆ ಇದೆ, ಅವು ಅರ್ಧ ಮಾತ್ರ ಬೆಳಗುತ್ತವೆ. ಒಟ್ಟು ಬೆಳಕು 90. ಗ್ರಹ ಮುಚ್ಚಿದ್ದು ಕಲೆಯಿಲ್ಲದ ಒಂದು ಚೌಕ, ಆದರೆ ಇಳಿಕೆ ಶೇ. 1.11! ಗ್ರಹ ಸುಮ್ನೆ ದೊಡ್ಡದಾಗಿ ಕಂಡಿತು, ಅಲ್ವಾ? ಪುಟ್ಟ ಕಲ್ಲಿನ ಗ್ರಹದ ವಾತಾವರಣದ ಗುರುತು ಈ ವ್ಯತ್ಯಾಸಕ್ಕಿಂತ ತುಂಬಾ ಚಿಕ್ಕದು.

ಕಲೆ ತಂಪಾದ ಜಾಗ, ಹಾಗಾಗಿ ನೀಲಿ ಬೆಳಕಿನಲ್ಲಿ ಜಾಸ್ತಿ ಕಪ್ಪು, ಕಣ್ಣಿಗೆ ಕಾಣದ ಶಾಖದ ಬೆಳಕಾದ ಇನ್‌ಫ್ರಾರೆಡ್‌ನಲ್ಲಿ ಕಮ್ಮಿ. ಅಂದರೆ ಗ್ರಹ ನೀಲಿಯಲ್ಲಿ ದೊಡ್ಡದಾಗಿ ಕಾಣುತ್ತದೆ. ವಾತಾವರಣದಲ್ಲಿ ಮಬ್ಬು ಇದ್ದರೂ ಹೀಗೇ ಕಾಣುವುದು. ಗ್ರಹ ಕಲೆಯ ಮೇಲೇ ಹಾದರೆ ಬೆಳಕಿನ ಗ್ರಾಫ್‌ನಲ್ಲಿ ಸಣ್ಣ ಉಬ್ಬು ಬರುತ್ತದೆ, ಅದನ್ನು ಗುರುತಿಸಬಹುದು.

ಕುಮಟಾ_ಮೇಷ್ಟ್ರು:
ನೀರಿನ ಪ್ರಶ್ನೆಗೆ ನಾನು ಹೇಳುತ್ತೇನೆ ತಂಗಿ. ಕಾರವಾರದ ಟ್ಯಾಗೋರ್ ಬೀಚಿನಲ್ಲಿ ಮಕ್ಕಳಿಗೆ ಸಣ್ಣ ಟೆಲಿಸ್ಕೋಪಿನಿಂದ ಸೂರ್ಯನ ಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಿ ತೋರಿಸಿದ್ದೆ (ಟೆಲಿಸ್ಕೋಪಿನಲ್ಲಿ ನೇರ ಸೂರ್ಯನನ್ನು ಯಾರೂ ನೋಡಬೇಡಿ, ಕಣ್ಣು ಹೋಗುತ್ತದೆ). ಕಲೆಯ ನಡುಭಾಗ ಕಪ್ಪು, ಸುತ್ತ ಬೂದು ಅಂಚು, ಗಾಳಿಗೆ ಹಾಳೆ ಅಲುಗಿದರೂ ಸ್ಪಷ್ಟ ಕಾಣುತ್ತಿತ್ತು. ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್, ಆ ಕಪ್ಪು ಜಾಗ ಸುಮಾರು 3,500. ಅಷ್ಟು ತಂಪಿನಲ್ಲಿ ಹೈಡ್ರೋಜನ್, ಆಕ್ಸಿಜನ್ ಕೂಡಿ ನೀರಿನ ಅಣು ಉಳಿಯುತ್ತದೆ. 1995ರಲ್ಲೇ ಸೂರ್ಯನ ಕಲೆಯಲ್ಲಿ ನೀರಿನ ಗುರುತು ಸಿಕ್ಕಿತ್ತು. ನೀವು ಹೇಳಿದ ಗ್ರಹದ ನಕ್ಷತ್ರ ಜಿಜೆ 486 ಕೆಂಪು ಕುಬ್ಜ (ಸೂರ್ಯನಿಗಿಂತ ಚಿಕ್ಕದು, ತಂಪು), ಅದರ ಮೇಲ್ಮೈಯೇ ಸುಮಾರು 3,000 ಡಿಗ್ರಿ, ಕಲೆ ಇನ್ನೂ ತಂಪು. 2023ರಲ್ಲಿ ಜೇಮ್ಸ್ ವೆಬ್ ಬಾಹ್ಯಾಕಾಶ ಟೆಲಿಸ್ಕೋಪ್ ಕಂಡ ಆವಿ ಯಾರದ್ದು ಅನ್ನುವ ಗೊಂದಲ ಬಂದದ್ದು ಅದಕ್ಕೇ.

ಶಿರಸಿ_ಹುಡುಗಿ:
ಥ್ಯಾಂಕ್ಸ್ ಸರ್! ಹಾಗಾದರೆ ಕಲೆ ಎಷ್ಟಿದೆ ಅಂತ ಅಳೆದು ಕಳೆದುಬಿಡಬಹುದಲ್ವಾ?

ಕಾಳಿ_ದಂಡೆ:
ಅಲ್ಲೇ ಸಿಕ್ಕಿಹಾಕಿಕೊಳ್ಳೋದು. ನಕ್ಷತ್ರ ನಮಗೆ ಬರೀ ಚುಕ್ಕಿ. ಅದು ತಿರುಗುವಾಗ ಬೆಳಕು ಏರಿಳಿದರೆ ಕಲೆ ಇದೆ ಅಂತ ತಿಳಿಯುತ್ತದೆ, ಆದರೆ ಕಲೆಗಳು ಸುತ್ತಲೂ ಸಮನಾಗಿ ಹರಡಿದ್ದರೆ ಏರಿಳಿತವೇ ಇರುವುದಿಲ್ಲ. ಒಂದು ಉಪಾಯ ನನಗೆ ತುಂಬಾ ಇಷ್ಟ. ಸುಮಾರು 40 ಜ್ಯೋತಿರ್ವರ್ಷ ದೂರದ ಟ್ರಾಪಿಸ್ಟ್-1 ನಕ್ಷತ್ರಕ್ಕೆ 7 ಗ್ರಹಗಳು. ಒಳಗಿನ ಬಿ ಗ್ರಹಕ್ಕೆ ದಟ್ಟ ವಾತಾವರಣ ಇದ್ದಂತಿಲ್ಲ. ಬಿ ಮತ್ತು ಇ ಗ್ರಹಗಳು ಒಂದರ ಹಿಂದೆ ಒಂದು ಹಾದುಹೋಗುವ ಹೊತ್ತು ಹಿಡಿದರೆ ಎರಡಕ್ಕೂ ನಕ್ಷತ್ರದ ಕಲೆಗಳು ಹೆಚ್ಚುಕಮ್ಮಿ ಅವೇ. ಬಿ ತೋರಿಸುವುದೆಲ್ಲ ನಕ್ಷತ್ರದ್ದು ಅಂತ ಹಿಡಿದು ಇ ಗ್ರಹದ ಲೆಕ್ಕದಿಂದ ಕಳೆಯುತ್ತಾರೆ. ನಾಸಾದ ಪ್ಯಾಂಡೋರಾ ಉಪಗ್ರಹವನ್ನು ನಕ್ಷತ್ರದ ಗುರುತು, ಗ್ರಹದ ಗುರುತು ಬೇರ್ಪಡಿಸುವ ಕೆಲಸಕ್ಕೇ ಕಟ್ಟಿದ್ದಾರೆ, 45 ಸೆಂ.ಮೀ. ಕನ್ನಡಿ, ಕಾಣುವ ಬೆಳಕು ಮತ್ತು ಇನ್‌ಫ್ರಾರೆಡ್ ಎರಡನ್ನೂ ಒಟ್ಟಿಗೆ ಅಳೆಯುತ್ತದೆ.

ಕುಮಟಾ_ಮೇಷ್ಟ್ರು:
ಇನ್ನೊಂದು ಸೇರಿಸಿ. ಗ್ರಹ ನಕ್ಷತ್ರದ ಹಿಂದೆ ಮರೆಯಾಗುವಾಗ ಎಷ್ಟು ಶಾಖ ಕಮ್ಮಿಯಾಯಿತು ಅಂತ ಅಳೆದರೆ ಕಲೆಯ ಕಾಟ ತುಂಬಾ ಕಮ್ಮಿ. ಟ್ರಾಪಿಸ್ಟ್-1ರ ಬಿ ಗ್ರಹದ ಹಗಲು ಭಾಗ ಸುಮಾರು 230 ಡಿಗ್ರಿ ಅಂತ 2023ರಲ್ಲಿ ತಿಳಿದದ್ದು ಹಾಗೇ. ಆದರೆ ಇ ಗ್ರಹ ಬಹಳ ತಂಪು, ಅದರ ಶಾಖ ಈ ದಾರಿಯಲ್ಲಿ ಹಿಡಿಯುವುದು ಕಷ್ಟ.