ಕಣಜದ ಹಾಗೆ ಕಾಣುವ ಈ ನೊಣ ಯಾವುದು?

ಸೋಮವಾರಪೇಟೆಯಿಂದ:
ನಮ್ಮ ಕಾಫಿ ತೋಟದ ಹಳೇ ಹಲಸಿನ ಮರದ ತೊಗಟೆ ಒಡೆದು ರಸ ಸೋರುತ್ತಿದೆ. ಅಲ್ಲಿಗೆ ಬರುವ ಒಂದು ಹುಳವನ್ನು ಕಣಜ ಅಂದುಕೊಂಡಿದ್ದೆ. ಕಪ್ಪು ಮೈ, ಹಳದಿ ಪಟ್ಟೆ, ಸಣ್ಣ ಸೊಂಟ. ಫೋಟೋ ದೊಡ್ಡದು ಮಾಡಿ ನೋಡಿದರೆ ರೆಕ್ಕೆ ಎರಡೇ! ಗಾಳಿಯಲ್ಲಿ ನಿಂತಲ್ಲೇ ಹಾರುವ ಹೋವರ್‌ಫ್ಲೈ ಅನ್ನುವ ನೊಣ ಇರಬಹುದಾ? ಇಂಥದ್ದರ ಹೆಸರು ಪತ್ತೆ ಮಾಡಿದವರು ಇದ್ದರೆ ಹೇಳಿ.

ವಿರಾಜಪೇಟೆಯಿಂದ:
ರೆಕ್ಕೆ ಎರಡೇ ಅಂದರೆ ನೊಣವೇ, ಕಣಜಕ್ಕೆ ನಾಲ್ಕು. ಆದರೆ ಅಷ್ಟಕ್ಕೇ ಹೋವರ್‌ಫ್ಲೈ ಅಂತ ಬರೆದುಬಿಡಬೇಡಿ. ನಾನು ಹಾಗೆ ಮಾಡಿ ಎರಡು ವರ್ಷ ತಪ್ಪು ಹೆಸರನ್ನೇ ಇಟ್ಟುಕೊಂಡಿದ್ದೆ. ನನಗೆ ಸಿಕ್ಕಿದ್ದು ಕಾನೋಪಿಡ್ ಅನ್ನುವ ಬೇರೆ ಕುಟುಂಬದ ನೊಣ. ಅದಕ್ಕೂ ಸೊಂಟ ಸಣ್ಣ, ಮೀಸೆ ಉದ್ದ. ಬಾಯಿ ನೋಡಿ, ಕಾನೋಪಿಡ್‌ಗೆ ಸೂಜಿಯಂಥ ಸೊಂಡಿಲು ಮುಂದಕ್ಕೆ ಚಾಚಿರುತ್ತದೆ.

ಹೋವರ್‌ಫ್ಲೈ ಆದರೆ ರೆಕ್ಕೆಯ ನಡುವೆ ಮಡಿಕೆಯಂಥ ಒಂದು ಗೆರೆ ಇರುತ್ತದೆ, ಯಾವ ನರಕ್ಕೂ ಸೇರದೆ ಹಾಗೇ ಮುಗಿದುಹೋಗುತ್ತದೆ. ಅದೇ ಹುಸಿ ನರ. ಇನ್ನು ಮೀಸೆ. ಸಾಮಾನ್ಯ ಹೋವರ್‌ಫ್ಲೈಗೆ ಅದು ಮೋಟು. ಕಣಜದ ವೇಷ ಹಾಕುವ ಸೆರಿಯಾನ, ಮೊನೊಸೆರೊಮಿಯಾದಂಥ ಕುಲಗಳಲ್ಲಿ (ಕುಲ ಅಂದರೆ ಹತ್ತಿರದ ಜಾತಿಗಳ ಗುಂಪು) ಹಣೆಯಿಂದ ಒಂದು ಕಡ್ಡಿ ಮುಂದೆ ಬಂದು, ಅದರ ತುದಿಯಿಂದ ಎರಡು ಉದ್ದ ಮೀಸೆ ಕವೆಗೋಲಿನ ಹಾಗೆ ಕವಲೊಡೆಯುತ್ತವೆ. ಎಷ್ಟು ಚೆಂದ ಗೊತ್ತಾ! ಹೊಟ್ಟೆ ಬುಡದಲ್ಲಿ ತೊಟ್ಟಿನಂತೆ ಸಣ್ಣಗಿದ್ದರೆ ಮೊನೊಸೆರೊಮಿಯಾ, ಅಲ್ಲೂ ಅಗಲವಿದ್ದರೆ ಸೆರಿಯಾನ. ರೆಕ್ಕೆಯ ಮುಂದಿನ ಅಂಚಿನ ಕಂದು ಬಣ್ಣ ಕೂಡ ವೇಷವೇ. ಕಣಜ ಕೂತಾಗ ರೆಕ್ಕೆಯನ್ನು ಉದ್ದಕ್ಕೆ ಮಡಚಿಕೊಳ್ಳುತ್ತದಲ್ವಾ, ದೂರದಿಂದ ಇದೂ ಹಾಗೇ ಕಾಣುತ್ತದೆ.

ಒಂದು ಮಾತು, ಆ ರಸ ಒರೆಸಬೇಡಿ. ಈ ಗುಂಪಿನ ಮರಿಹುಳ ಬೆಳೆಯುವುದೇ ಮರದ ಇಂಥ ಗಾಯಗಳಲ್ಲಿ. ಮೊಟ್ಟೆ ಇಡುವುದಕ್ಕೂ ಬರುತ್ತಿರಬಹುದು.

ಪೊನ್ನಂಪೇಟೆಯಿಂದ:
ಅದರ ಹಿಂದೆ ಓಡಬೇಡಿ, ಮರದ ಹತ್ತಿರ ಸುಮ್ನೆ ಕೂತಿರಿ, ಮತ್ತೆ ಅಲ್ಲಿಗೇ ಬರುತ್ತದೆ. ಈ ನೊಣಕ್ಕೆ ಕೊಂಡಿ ಇಲ್ಲ. ಆದರೆ ಅದೇ ರಸಕ್ಕೆ ನಿಜವಾದ ಕಣಜವೂ ಬರುತ್ತದೆ, ಜೋಪಾನ. ಮೇಲಿನಿಂದ, ಪಕ್ಕದಿಂದ, ಮುಖದ ನೇರಕ್ಕೆ, ಜೊತೆಗೆ ರೆಕ್ಕೆ ಬಿಚ್ಚಿದಾಗ ಒಂದು ಫೋಟೋ ಬೇಕು. ಮೊಬೈಲ್‌ಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ ಸಾಕು. ತಾರೀಕು, ಜಾಗ, ಯಾವ ಮರ ಅಂತ ಅವತ್ತೇ ಬರೆದಿಡಿ.

ಜೀವಿಗಳ ಫೋಟೋ ಹಾಕಿ ಹೆಸರು ಪತ್ತೆ ಮಾಡುವ ಐನ್ಯಾಚುರಲಿಸ್ಟ್ ಆ್ಯಪ್‌ಗೆ ಹಾಕುವಾಗ ಕುಲದ ಹೆಸರಿಗೇ ನಿಲ್ಲಿಸಿ. ಎಷ್ಟೋ ಸಲ ಜಾತಿ ಹೇಳಲು ಹುಳವನ್ನೇ ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ಆ್ಯಪ್ ಸೂಚಿಸಿದ ಮೊದಲ ಹೆಸರನ್ನು ಒತ್ತಿಬಿಡುವವರೇ ಜಾಸ್ತಿ. ಅಷ್ಟಾಗಿ ಗೊತ್ತಿಲ್ಲದ ಹುಳಕ್ಕೆ ಹಾಗೆ ತಪ್ಪು ಹೆಸರು ಅಂಟಿಕೊಂಡರೆ ಮುಂದೆ ಹುಡುಕುವವರಿಗೆ ಬಹಳ ಕಷ್ಟ. ಸತ್ತ ಹುಳ ಸಿಕ್ಕರೆ ಬೆಂಕಿಪೊಟ್ಟಣದಲ್ಲಿ ಒಣಗಿಸಿಡಿ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಲ್ಲಿ ಕೀಟಗಳ ಸಂಗ್ರಹ ಇದೆ, ಅಲ್ಲಿ ಕೇಳಿ ನೋಡಬಹುದು.

ಸೋಮವಾರಪೇಟೆಯಿಂದ:
ಇವತ್ತು ಹತ್ತೂವರೆಗೆ ಮತ್ತೆ ಬಂತು. ಸೊಂಡಿಲು ಇಲ್ಲ, ಹಣೆಯಲ್ಲಿ ಕವೆಗೋಲು ಇದೆ, ಸೊಂಟ ತೊಟ್ಟಿನ ಹಾಗೇ ಇದೆ. ಮೊನೊಸೆರೊಮಿಯಾ ಅಂತ ಬರೆದು ಅಲ್ಲಿಗೇ ನಿಲ್ಲಿಸಿದ್ದೇನೆ. ರೆಕ್ಕೆಯ ಫೋಟೋ ಅಲುಗಿದೆ, ನಾಳೆ ಮತ್ತೆ ಕೂರುತ್ತೇನೆ.