ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್: 20 ನಿಮಿಷ ಆದ ಮ್ಯಾಲ ಆಟ ಎಳೀಲಾಕತ್ತದ, ಕಾರ್ಡ್ ಬದಲಿ ಮಾಡ್ಲೇನ್ರಿ?

ತೊಗರಿ_ಗೇಮರ್, ಕಲಬುರಗಿ

ಎಲ್ಲಾರಿಗೂ ಶರಣ್ರಿ. ನಂದು 2019ರಾಗ ನಮ್ಮೂರ ಸೂಪರ್ ಮಾರ್ಕೆಟ್ ಏರಿಯಾದಾಗ ಜೋಡಿಸಿಕೊಂಡ ಪಿಸಿ. ರೈಜನ್ 5 2600 ಪ್ರಾಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿ ರ್‍ಯಾಮ್ ಒಂದೇ ಸ್ಟಿಕ್, ಜಿಟಿಎಕ್ಸ್ 1060 6 ಜಿಬಿ. ಮಾನಿಟರ್ 1080ಪಿ, 75 ಹರ್ಟ್ಸ್.

ಜಿಟಿಎ 5 ಹಚ್ಚಿದ್ರ ಶುರುವಿಗೆ ಸೆಕೆಂಡಿಗೆ 70 ಚಿತ್ರ, ಅಂದ್ರ 70 ಎಫ್‌ಪಿಎಸ್ ಬರ್ತದ. 20 ನಿಮಿಷ ಆತಂದ್ರ 35ಕ್ಕ ಇಳೀತದ, ಫ್ಯಾನ್ ಹಿಟ್ಟಿನ ಗಿರಣಿ ಹಂಗ ಕೂಗ್ತದ. ಅಂಗಡಿಯವ್ರಿಗೆ ಫೋನ್ ಹಚ್ಚಿದ್ರ ಒಂದೇ ಮಾತಿಗೆ "ಕಾರ್ಡ್ ಮುದುಕ ಆಗ್ಯದ, ಆರ್‌ಟಿಎಕ್ಸ್ 5060 ಹಾಕ್ಕೊ" ಅಂದ್ರು. 30 ಸಾವಿರದ ಮ್ಯಾಲ ಹೇಳ್ಲಾಕತ್ತಾರ. ತೊಗರಿ ಮಾರಿದ ರೊಕ್ಕದಾಗ ಕೊಡಸ್ತೀನಿ ಅಂತ ಅಪ್ಪ ಅಂದಾರ. ಆದ್ರ ಈಗೊಮ್ಮೆ ಕೇಳಿದ್ರ ಇನ್ನ ಎರಡು ವರ್ಷ ಬಾಯಿ ತೆಗೀಲಾಕ ಬರಂಗಿಲ್ಲ. ತೊಗೊಳ್ಳೋದೋ ಬ್ಯಾಡೋ ನೀವೇ ಹೇಳ್ರಿ.

ಬಿದ್ರಿ_ಕುಸುರಿ, ಬೀದರ

ತಮ್ಮಾ, ಅಪ್ಪಗ ಈಗೇ ಏನೂ ಕೇಳಬ್ಯಾಡ. ಕಾರ್ಡ್ ಬರೇ ಹಳೇದಾಗಿದ್ರ ಪೈಲಾ ನಿಮಿಷದಿಂದ್ಲೇ ನಿಧಾನ ಇರ್ತದ. 20 ನಿಮಿಷ ಬರೋಬ್ಬರಿ ಓಡಿ ಆಮ್ಯಾಲ ಕುಂತು ಬಿಡ್ತದಂದ್ರ ಅದು ಮುಪ್ಪಲ್ಲ, ಜ್ವರ.

ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನೋ ಅಳತಿ ತೋರಿಸೋ ಸಾಫ್ಟ್‌ವೇರ್ ಹಾಕ್ಕೊ. ಆಡುವಾಗ ಮೂಲ್ಯಾಗ ಜಿಪಿಯು (ಕಾರ್ಡಿನ ಚಿಪ್) ಟೆಂಪರೇಚರ್, ಕೋರ್ ಕ್ಲಾಕ್ (ಚಿಪ್ಪಿನ ವೇಗ), ಜಿಪಿಯು ಯೂಸೇಜ್ (ಚಿಪ್ ಎಷ್ಟು ಪರ್ಸೆಂಟ್ ದುಡೀತದ) ಮೂರೂ ಕಾಣಂಗ ಮಾಡು. ಪೈಲಾ 5 ನಿಮಿಷದಾಗಿಂದು ಒಂದು ಫೋಟೊ, 25ನೇ ನಿಮಿಷದ್ದು ಒಂದು. ಪವರ್ ಸಪ್ಲೈ ಮ್ಯಾಗಿನ ಚೀಟಿ ಫೋಟೊನೂ ಬೇಕು. ಮತ್ತ ಪಿಸಿ ಎಲ್ಲಿ ಇಟ್ಟೀದಿ?

ತೊಗರಿ_ಗೇಮರ್

ಅಣ್ಣಾ, ಶುರುವಿಗೆ 68 ಡಿಗ್ರಿ, 1873 ಮೆಗಾಹರ್ಟ್ಸ್. 25ನೇ ನಿಮಿಷಕ್ಕ 92 ಡಿಗ್ರಿ, 1200ರ ಆಸುಪಾಸು. ಯೂಸೇಜ್ 99. ಪಿಸಿ ಮ್ಯಾಲಿನ ಖೋಲ್ಯಾಗ ಅದ, ತಗಡಿನ ಮಾಳಗಿ. ನಿನ್ನಿ ಮಧ್ಯಾಹ್ನ ಹೊರಗ 43 ಇತ್ತು. ಮನಿ ಬಾಜೂಕೇ ದಾಲ್ ಮಿಲ್, ಕಿಡಕಿ ತೆಗದ್ರ ಧೂಳು, ಮುಚ್ಚಿದ್ರ ಕುದೀತೀವಿ. ಪವರ್ ಸಪ್ಲೈ 450 ವ್ಯಾಟ್, ಮ್ಯಾಲ ಯಾವ ಹೆಸರೂ ಓದ್ಲಾಕ ಬರವಲ್ದು.

ಬಿದ್ರಿ_ಕುಸುರಿ

ಸಿಕ್ಕಿತು. 1060ರ ಬೇಸ್ ಕ್ಲಾಕೇ (ಕಂಪನಿ ಹೇಳಿದ ಕನಿಷ್ಠ ವೇಗ) 1506. ಅದು 83 ಡಿಗ್ರಿ ಮುಟ್ಟಿದ್ರ ತಾನೇ ವೇಗ ಇಳಿಸ್ಲಾಕ ಶುರು ಮಾಡ್ತದ, 94 ಅದರ ಕಡೀ ಗಡಿ. ನಿಂದು ಬೇಸ್‌ಗಿಂತ 300 ಕೆಳಗ ಬಿದ್ದದಂದ್ರ ಜೀವ ಉಳಿಸಿಕೊಳ್ಳಾಕತ್ತದ, ಅಷ್ಟೇ.

ಇನ್ನೊಂದು ತಿಳ್ಕೊ. ಫ್ಯಾನ್ ಗಾಳಿನ ತಂಪು ಮಾಡಂಗಿಲ್ಲ, ಇದ್ದ ಗಾಳಿನೇ ಬೀಸ್ತದ. ಎಸಿ ಖೋಲ್ಯಾಗ ಕುಂತವ್ರ ವಿಡಿಯೋದಾಗ 65 ತೋರಿಸಿದ್ದು ನಮ್ಮ ಏಪ್ರಿಲ್‌ನಾಗ 80 ಆಗೇ ಆಗ್ತದ, ಖೋಲಿ ಗಾಳಿನೇ ಅಷ್ಟು ಕಾದಿರ್ತದ. ಆದ್ರ 92 ಬಿಸಿಲಿಂದು ಅಲ್ಲ, ಕಸದ್ದು.

ಕಾರ್ಡ್ ಹೊರಗ ತೆಗಿ. ಬ್ಲೋವರ್ ಹೊಡಿಯುವಾಗ ಫ್ಯಾನಿನ ರೆಕ್ಕಿ ಬೆರಳಿಲೆ ಹಿಡ್ಕೊ, ಬಿಟ್ಟ್ರ ಗರಗರ ತಿರುಗಿ ಬೇರಿಂಗ್ ಹೋಗ್ತದ. ಹಿಂದ ಚಿಪ್ ಸುತ್ತ ನಾಕು ಸ್ಪ್ರಿಂಗ್ ಸ್ಕ್ರೂ ಇರ್ತಾವ, ಒಂದೇ ಪೂರಾ ಬಿಚ್ಚಬ್ಯಾಡ, ಎದುರಾಬದುರಾ ಥೋಡೆ ಥೋಡೆ ಸಡ್ಲ ಮಾಡು. ಹೀಟ್‌ಸಿಂಕ್ (ಚಿಪ್ಪಿನ ಕಾವು ಹೀರೋ ಲೋಹದ ಭಾಗ) ಜಗ್ಗೋಕಿಂತ ಮೊದ್ಲ ಫ್ಯಾನಿನ ವಾಯರ್ ಬೋರ್ಡಿಗೆ ಸಿಕ್ಕೊಂಡಿದ್ದು ನೆನಪಿರ್ಲಿ, ನಾ ಒಂದು ಹರಕೊಂಡೀನಿ. ಒಳಗ ಚಿಪ್ಪಿನ ಕಾವು ದಾಟಿಸೋ ಹಳೇ ಪೇಸ್ಟ್ ಒಣಗಿದ ಸುಣ್ಣದಂಗ ಇರ್ತದ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಮೆತ್ತನ ಅರಬಿಲೆ ಒರಸು. ಹೊಸ ಪೇಸ್ಟ್ ಒಂದು ಬಟಾಣಿ ಕಾಳಿನಷ್ಟು ಸಾಕು. ಮೆಮೊರಿ ಚಿಪ್ ಮ್ಯಾಗಿನ ಮೆತ್ತನ ಪ್ಯಾಡ್ ಹರಿಲಾರದಂಗ ನೋಡ್ಕೊ.

ಫ್ರೇಮ್_ಹುಚ್ಚ, ಬೆಂಗಳೂರು

ನಾನು ಒಪ್ಪಲ್ಲ ಸರ್. 1060 ಬಂದಿದ್ದು 2016ರಲ್ಲಿ. ಆ ಪೀಳಿಗೆಯ ಕಾರ್ಡ್‌ಗಳಿಗೆ ಹೊಸ ಆಟಗಳ ಡ್ರೈವರ್ (ಕಾರ್ಡ್ ನಡೆಸೋ ಸಾಫ್ಟ್‌ವೇರ್) ಬರೋದು 2025ರ ಅಕ್ಟೋಬರ್‌ಗೇ ನಿಂತಿದೆ. ಇಂಡಿಯಾನಾ ಜೋನ್ಸ್ ಆಟ, ಡೂಮ್: ದಿ ಡಾರ್ಕ್ ಏಜಸ್ ಎರಡಕ್ಕೂ ಹಾರ್ಡ್‌ವೇರ್ ರೇ ಟ್ರೇಸಿಂಗ್ (ಬೆಳಕು, ನೆರಳು ಲೆಕ್ಕ ಹಾಕೋ ಕಾರ್ಡಿನ ವ್ಯವಸ್ಥೆ) ಬೇಕೇ ಬೇಕು, 1060ರಲ್ಲಿ ಅದು ಇಲ್ಲ. ಡಿಎಲ್‌ಎಸ್‌ಎಸ್ (ಕಡಿಮೆ ರೆಸಲ್ಯೂಷನ್ ಚಿತ್ರ ದೊಡ್ಡದು ಮಾಡಿ ವೇಗ ಕೊಡೋ ತಂತ್ರ) ಕೂಡ ಇಲ್ಲ. ಪೇಸ್ಟ್ ಹಚ್ಚಿ ಇನ್ನೆಷ್ಟು ದಿನ ಓಡಿಸ್ತೀರಾ? ಬೆಲೆ ಬರುವಾಗಲೇ ಮಾರಿಬಿಡಿ.

ಬಿದ್ರಿ_ಕುಸುರಿ

ನೀವು ಹೇಳಿದ್ದು ಖರೇ ಅದ ಸರ್. ಆದ್ರ ಹುಡುಗ ಆಡೋದು ಜಿಟಿಎ 5, ಪಿಸಿಗೆ 2015ರಾಗ ಬಂದ ಆಟ. ಅದಕ್ಕ ಹೊಸ ಡ್ರೈವರ್ ಏನು ಮಾಡ್ತದ? ಸೆಕ್ಯುರಿಟಿ ಅಪ್‌ಡೇಟ್ 2028ರ ಅಕ್ಟೋಬರ್ ತನಕ ಬರ್ತಾವ. ಎಫ್‌ಎಸ್‌ಆರ್ ಅನ್ನೋ ಅಂಥದೇ ತಂತ್ರ ಹಳೇ ಕಾರ್ಡಿನಾಗೂ ನಡೀತದ. ಜ್ವರ ಬಂದ ಎತ್ತು ಸಂತ್ಯಾಗ ಮಾರಿದ್ರ ರೇಟೂ ಜ್ವರದ್ದೇ ಸಿಗ್ತದ.

ತಮ್ಮಾ, ಪವರ್ ಸಪ್ಲೈ ಚೀಟ್ಯಾಗ ಕಾರ್ಡಿಗೆ, ಪ್ರಾಸೆಸರಿಗೆ ಕರೆಂಟ್ ಕೊಡೋ +12ವಿ ಸಾಲಿನಾಗ ಎಷ್ಟು ಆಂಪ್ಸ್ ಬರದದ?

ತೊಗರಿ_ಗೇಮರ್

18 ಅಂತ ಅದ ಅಣ್ಣಾ.

ಬಿದ್ರಿ_ಕುಸುರಿ

12 ಗುಣಿಲೆ 18, ಬರೇ 216 ವ್ಯಾಟ್. ಆ 450 ಡಬ್ಬಿ ಮ್ಯಾಗಿನ ಜಾಹೀರಾತು. 5060 ಒಂದೇ 145 ವ್ಯಾಟ್ ತಿಂತದ, ಕಂಪನಿ 550 ವ್ಯಾಟಿನ ಸಪ್ಲೈ ಹಾಕ್ರಿ ಅಂತದ. ನಿನ್ನ ಸಪ್ಲೈದಾಗ 8 ಪಿನ್ನಿನ ವಾಯರಾದ್ರೂ ಅದ ಏನು? 1060ಕ್ಕ 6 ಪಿನ್ ಸಾಕಾಗಿತ್ತು. ಹಳೇ ಹಾರ್ಡ್‌ಡಿಸ್ಕ್ ವಾಯರಿಗೆ ಅಡಾಪ್ಟರ್ ಸಿಗಿಸಿ 8 ಪಿನ್ ಮಾಡಿ ಕೊಡ್ತೀವಿ ಅಂದ್ರ ಅಲ್ಲಿಂದ ಎದ್ದು ಬಾ, ವಾಯರ್ ಕರಗಿದ್ದು ನೋಡೀನಿ. ಅಂಗಡಿಯವ್ರು ಹೇಳಿದ 30 ಸಾವಿರದಾಗ ಹೊಸ ಸಪ್ಲೈ ಲೆಕ್ಕ ಇಲ್ಲ. ಕರೆಂಟ್ ಹೋಗಿ ಬಂದು ಮಾಡೋ ನಮ್ಮ ಕಡಿ ನಾ ಆದ್ರ ಪೈಲೇ ಸಪ್ಲೈ ಬದಲಿ ಮಾಡ್ತಿದ್ದೆ, ಆಮ್ಯಾಲ ಕಾರ್ಡ್.

ತೊಗರಿ_ಗೇಮರ್

ನಾಕು ದಿನದ ಮ್ಯಾಲ ಬಂದೀನಿ. ಕಾರ್ಡ್ ಬಿಚ್ಚಿದೆ. ಫ್ಯಾನ್ ಮತ್ತ ಹೀಟ್‌ಸಿಂಕ್ ನಡು ಧೂಳು ಕಂಬಳಿ ತುಂಡಿನಂಗ ಕುಂತಿತ್ತು, ಹಳದಿ ಬಣ್ಣ, ತೊಗರಿ ಹೊಟ್ಟು. ಉಗುರಿಲೆ ಎತ್ತಿದ್ರ ಒಂದೇ ಪದರಾಗಿ ಬಂತು. ಅವ್ವ ನೋಡಿ "ನಮ್ಮ ಹಾಸಿಗಿ ಕೆಳಗೂ ಇಷ್ಟ ಇಲ್ಲೋ" ಅಂದ್ಳು.

ಈಗ ಅದೇ ಖೋಲಿ, ಅದೇ ಮಧ್ಯಾಹ್ನ, ಒಂದು ತಾಸು ಆಡಿದ್ರೂ 77 ದಾಟವಲ್ದು. ಕ್ಲಾಕ್ 1800ರ ಮ್ಯಾಲೇ ನಿಂತದ. ಆದ್ರ ಸಿಟ್ಯಾಗ ಗಾಡಿ ಜೋರು ಹೊಡದ್ರ ಇನ್ನೂ ಝಟಕಾ ಹೊಡೀತದ. ಆವಾಗ ಯೂಸೇಜ್ 99 ಇದ್ದದ್ದು 60ಕ್ಕ ಬೀಳ್ತದ.

ಬಿದ್ರಿ_ಕುಸುರಿ

ಯೂಸೇಜ್ ಬೀಳ್ತದಂದ್ರ ಕಾರ್ಡ್ ಖಾಲಿ ಕುಂತದ, ಬ್ಯಾರೆ ಯಾರೋ ಅದಕ್ಕ ಕೆಲಸ ಕೊಡವಲ್ರು. ರೆಸಲ್ಯೂಷನ್ 720ಪಿಗೆ ಇಳಿಸಿ ಅದೇ ರಸ್ತಾದಾಗ ಗಾಡಿ ಹೊಡಿ. ಎಫ್‌ಪಿಎಸ್ ಏರಿದ್ರ ತಪ್ಪು ಕಾರ್ಡಿಂದು. ಅಷ್ಟೇ ಇದ್ರ 5060 ಹಾಕಿದ್ರೂ ಅಲ್ಲಿ ಅಷ್ಟೇ ಬರ್ತದ.

ತೊಗರಿ_ಗೇಮರ್

720ಪಿಯಾಗೂ ಅಷ್ಟೇ ಅಣ್ಣಾ! ಝಟಕಾನೂ ಅಲ್ಲೇ. ಟಾಸ್ಕ್ ಮ್ಯಾನೇಜರ್‌ನಾಗ ರ್‍ಯಾಮ್ 7.6 ಜಿಬಿ ತುಂಬ್ಯದ.

ಬಿದ್ರಿ_ಕುಸುರಿ

ಅಂದ್ರ ರ್‍ಯಾಮ್. 8 ಜಿಬಿ ಈಗ ಸಾಲಂಗಿಲ್ಲ, ಅದರ ಮ್ಯಾಲ ಒಂದೇ ಸ್ಟಿಕ್. ಸಿಂಗಲ್ ಚಾನಲ್‌ನಾಗ ರೈಜನ್ ಒಂದು ಕಾಲಿಲೆ ಕುಂಟ್ತದ. ಯಾರದರೆ ಒಂದು ಸ್ಟಿಕ್ ಇಸ್ಕೊಂಡು ನೋಡು, ಪ್ರಾಸೆಸರ್ ಕಡಿಂದ ಎಣಿಸಿ ಎರಡನೇದು, ನಾಕನೇದು ಸ್ಲಾಟ್‌ನಾಗ ಹಾಕು. ಬೋರ್ಡಿನ ಸೆಟ್ಟಿಂಗ್ ಇರೋ ಬಯಾಸ್‌ನಾಗ ಎಕ್ಸ್‌ಎಂಪಿ (ರ್‍ಯಾಮ್ ತನ್ನ ಪೂರಾ ವೇಗದಾಗ ಓಡಂಗ ಮಾಡೋದು) ಆನ್ ಮಾಡು, ನಿಂದು ಇಷ್ಟು ವರ್ಷ 2400ದಾಗೇ ಓಡಿರಬೇಕು.

ಫ್ರೇಮ್_ಹುಚ್ಚ

720ಪಿ ಟೆಸ್ಟ್ ನನಗೆ ಹೊಳೆದಿರಲಿಲ್ಲ, ಒಪ್ಪಿದೆ. ಮುಂದೆ ಕಾರ್ಡ್ ತಗೊಂಡಾಗ ಒಂದು ಗಮನಿಸಿ: 5060 ಬೋರ್ಡ್ ಜೊತೆ ಮಾತಾಡೋಕೆ ಬಳಸೋದು ಎಂಟೇ ಲೇನ್ (ಡೇಟಾ ಹೋಗೋ ದಾರಿ), ಅವರ ಬೋರ್ಡ್‌ನಲ್ಲಿ ಆ ದಾರಿ ಹಳೇ ಪಿಸಿಐಇ 3.0 ತಲೆಮಾರಿನದು. ಸ್ವಲ್ಪ ವೇಗ ಅಲ್ಲೂ ಕಳೆಯುತ್ತೆ. ಅದೇ ಬೋರ್ಡ್‌ಗೆ ಬಯಾಸ್ ಅಪ್‌ಡೇಟ್ ಮಾಡಿ ಇನ್ನೂ ಹೊಸ ರೈಜನ್ 5600 ಪ್ರಾಸೆಸರ್ ಕೂರಿಸಬಹುದು.

ತೊಗರಿ_ಗೇಮರ್

ಗೆಳೆಯಾನ ಸ್ಟಿಕ್ ಹಾಕಿ ನಿನ್ನಿ ರಾತ್ರಿ ಆಡಿದೆ. ಸಿಟ್ಯಾಗ ಝಟಕಾ ಹೋಯ್ತು, 75ರಾಗೇ ನಿಂತದ. ಎಕ್ಸ್‌ಎಂಪಿ ಆಫ್ ಇತ್ತು, ಬರೋಬ್ಬರಿ ಹೇಳಿದ್ರಿ. ಅಪ್ಪಗ ಕಾರ್ಡಿನ ಮಾತೇ ತೆಗದಿಲ್ಲ. ಪೈಲಾ ಸಪ್ಲೈ, ಆಮ್ಯಾಲ ಮುಂದಿನ ರಾಶಿ ನೋಡ್ಕೊಂಡು ಕಾರ್ಡ್. ಡೂಮ್ ಅಲ್ಲಿ ತನಕ ವಿಡಿಯೋದಾಗೇ.

ಗೆಳೆಯ ಮುಂಜಾನಿಂದ ಸ್ಟಿಕ್ ವಾಪಸ್ ಕೇಳ್ಲಾಕತ್ತಾನ. ಹೊಸಾದು ಈಗ ರೇಟ್ ಭಾಳ ಏರ್‍ಯದ. ಬೀದರ, ಕಲಬುರಗಿ ಕಡಿ ಯಾರ ಹತ್ರರೆ ಹಳೇ ಡಿಡಿಆರ್4 8 ಜಿಬಿ, 3000 ಮೆಗಾಹರ್ಟ್ಸ್ ಇದ್ರ ಹೇಳ್ರಿ, ನಾನೇ ಬಂದು ಒಯ್ತೀನಿ.