ಸಹಾಯ ಬೇಕು: ವಿಮಾನ ಕಾರ್ಖಾನೆ ತಪಾಸಣೆಗೆ ನಾನು ಹೊಸಬ

ಎಲ್ಲರಿಗೂ ನಮಸ್ಕಾರ. ಹತ್ತು ವರ್ಷ ವಿಮಾನದ ಬಿಡಿಭಾಗ ಮಾಡುವ ಕಡೆ ಕ್ವಾಲಿಟಿ ವಿಭಾಗದಲ್ಲಿದ್ದೆ, ಈಗ ಸರ್ಕಾರದ ಸುರಕ್ಷತಾ ಇನ್‌ಸ್ಪೆಕ್ಟರ್ ಆಗಿ ಸೇರಿದ್ದೇನೆ. ಆಗ ತಪಾಸಣೆ ಅಂದ್ರೆ ಭಾಗವನ್ನು ಕೈಗೆ ತೆಗೆದುಕೊಂಡು ಅಳೆಯುವುದು. ಈಗ ನೋಡಿದರೆ ಮುಕ್ಕಾಲು ಪಾಲು ಕಾಗದ! ಯಾವ ರಿವೆಟ್ ಯಾವ ಬ್ಯಾಚಿನದು, ಬೋಲ್ಟನ್ನು ಬೇಕಾದಷ್ಟೇ ಬಿಗಿ ಮಾಡುವ ಟಾರ್ಕ್ ವ್ರೆಂಚಿನ ಕ್ಯಾಲಿಬ್ರೇಷನ್ (ಅಳತೆ ಸರಿಯಿದೆಯಾ ಅನ್ನೋ ಪರೀಕ್ಷೆ) ಅವಧಿ ಮುಗಿದಿದೆಯಾ, ಬಿಚ್ಚಿದ್ದನ್ನು ಮತ್ತೆ ಜೋಡಿಸಿದ್ದಕ್ಕೆ ಯಾರ ಸಹಿ ಇದೆ, ದಿನವಿಡೀ ಇದೇ.

ಕಾಗದ ಅಂತ ತಾತ್ಸಾರ ಇಲ್ಲ. 2024ರ ಜನವರಿ 5ರಂದು ಅಮೆರಿಕದಲ್ಲಿ ಬೋಯಿಂಗ್ 737 ಮ್ಯಾಕ್ಸ್ 9 ವಿಮಾನದ ಡೋರ್ ಪ್ಲಗ್ (ಬಳಸದ ಬಾಗಿಲಿನ ಜಾಗ ಮುಚ್ಚುವ ಫಲಕ) ಹಾರಾಟದಲ್ಲೇ ಕಿತ್ತುಹೋಯಿತಲ್ಲ, ಅದನ್ನು ಹಿಡಿದಿಡಬೇಕಿದ್ದ ನಾಲ್ಕು ಬೋಲ್ಟ್ ಇರಲೇ ಇಲ್ಲ, ಕಾರ್ಖಾನೆಯಲ್ಲಿ ಆ ಪ್ಲಗ್ ಬಿಚ್ಚಿ ತೆಗೆದ ದಾಖಲೆಯೂ ಸಿಗಲಿಲ್ಲ.

ನನ್ನ ತೊಂದರೆ ಏನಂದ್ರೆ, ಎಲ್ಲವನ್ನೂ ನೋಡಲು ಆಗುವುದಿಲ್ಲ, ಸ್ಯಾಂಪಲ್ ಆರಿಸಬೇಕು. ದಾಖಲೆ ತೀರಾ ಅಚ್ಚುಕಟ್ಟಾಗಿದ್ದರೆ ನನಗೆ ಅನುಮಾನವೇ ಜಾಸ್ತಿ (ಹಳೇ ಚಾಳಿ). ಶಿಫ್ಟ್ ಬದಲಾಗುವಾಗ ಅರ್ಧಕ್ಕೆ ನಿಂತ ಕೆಲಸವನ್ನು ನೀವು ಹೇಗೆ ಪತ್ತೆ ಹಚ್ಚುತ್ತೀರಿ? ಮುಂಚೆ ತಿಳಿಸಿ ಹೋಗುತ್ತೀರಾ, ಇಲ್ಲಾ ಸುಮ್ನೆ ಹೋಗಿ ನಿಲ್ಲುತ್ತೀರಾ? ಮ್ಯಾನೇಜರ್ ಪಕ್ಕದಲ್ಲಿದ್ದರೆ ಮೆಕ್ಯಾನಿಕ್‌ಗಳು ಬಾಯಿಯೇ ಬಿಡುವುದಿಲ್ಲ, ಅಲ್ವಾ? ಅವರನ್ನು ಮಾತಾಡಿಸುವುದು ಹೇಗೆ? ಅನುಭವ ಇರುವವರು ದಯವಿಟ್ಟು ಹೇಳಿ, ಮುಂದಿನ ವಾರವೇ ಮೊದಲ ಆಡಿಟ್ ಇದೆ.